ಗದ್ದೆಯ ಸಂದೇಶಕ್ಕೆ ಬೀಗ ಹಾಕುವ ಖರ್ಚು

ಈ ಸಂಚಿಕೆಯ ಪ್ರಶ್ನೋತ್ತರ ಅಂಕಣವನ್ನು ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಮಂಡ್ಯ ಮತ್ತು ಮೈಸೂರು ಸುತ್ತಲಿನ ಓದುಗರಿಂದ ಬಂದ ಏಳು ಪತ್ರಗಳು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಿರುವುದು ಒಂದೇ ಸಂಗತಿಯನ್ನು: ಕೆಲವೇ ಕಿಲೋಬೈಟ್ ಮೆಮೊರಿಯಿರುವ, ಬ್ಯಾಟರಿಯ ಮೇಲೆ ವರ್ಷಗಟ್ಟಲೆ ನಡೆಯಬೇಕಾದ ಪುಟ್ಟ ಮೈಕ್ರೊಕಂಟ್ರೋಲರಿನಲ್ಲಿ (ಒಂದೇ ಚಿಪ್ಪಿನ ಕಂಪ್ಯೂಟರಿನಲ್ಲಿ) ಗೂಢಲಿಪೀಕರಣವನ್ನು, ಅಂದರೆ ಕೀಲಿಯಿಲ್ಲದವರು ಓದಲಾರದಂತೆ ಸಂದೇಶವನ್ನು ಮರೆಮಾಡುವುದನ್ನು, ನಡೆಸಬಹುದೇ, ನಡೆಸಿದರೆ ಅದರ ಖರ್ಚನ್ನು ನಂಬುವಂತೆ ಅಳೆಯುವುದು ಹೇಗೆ? ಪತ್ರಗಳನ್ನು ಸ್ವಲ್ಪ ಮೊಟಕುಗೊಳಿಸಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟು ಊರನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿರುವ ನಮ್ಮ ತಂದೆಯವರ ಕಬ್ಬಿನ ಗದ್ದೆಗಾಗಿ ಮಣ್ಣಿನ ತೇವಾಂಶ ಅಳೆಯುವ ಸಾಧನವೊಂದನ್ನು ಕೊನೆಯ ವರ್ಷದ ಪ್ರಾಜೆಕ್ಟಾಗಿ ಮಾಡುತ್ತಿದ್ದೇನೆ. ಕಾರ್ಟೆಕ್ಸ್-ಎಂ0 ಪ್ಲಸ್ ಪ್ರೊಸೆಸರಿನ ಬೋರ್ಡಿನಲ್ಲಿ ಎಇಎಸ್-128 ಎಂಬ ಗೂಢಲಿಪಿ ವಿಧಾನದಿಂದ 16 ಬೈಟಿನ ಒಂದು ಬ್ಲಾಕನ್ನು ಗೂಢಲಿಪಿಗೆ ತಿರುಗಿಸಲು 16 ಮೆಗಾಹರ್ಟ್ಸ್ ವೇಗದಲ್ಲಿ 310 ಮೈಕ್ರೊಸೆಕೆಂಡ್ ಹಿಡಿಯಿತು. ವೇಗವನ್ನು 32ಕ್ಕೆ ಏರಿಸಿದರೆ ಅರ್ಧಕ್ಕಿಳಿಯಬೇಕಿತ್ತು, ಆದರೆ 195 ಬಂತು. ನನ್ನ ಸಹಪಾಠಿ ಅದೇ ಪ್ರೋಗ್ರಾಮನ್ನು ಅದೇ ಬಗೆಯ ಬೋರ್ಡಿನಲ್ಲಿ 16 ಮೆಗಾಹರ್ಟ್ಸ್‌ನಲ್ಲೇ ಓಡಿಸಿ 1,100 ಮೈಕ್ರೊಸೆಕೆಂಡ್ ಎನ್ನುತ್ತಾನೆ. ಇವುಗಳಲ್ಲಿ ಯಾವುದನ್ನು ವರದಿಯಲ್ಲಿ ಬರೆಯಲಿ? (ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮಂಡ್ಯ)

ಉತ್ತರ: ಮೂರು ಅಂಕಿಗಳೂ ಸರಿಯಾಗಿರುವ ಸಾಧ್ಯತೆಯೇ ಹೆಚ್ಚು. ಸದ್ಯಕ್ಕೆ ಕಾಲವನ್ನು ಪಕ್ಕಕ್ಕಿಟ್ಟು, ಪ್ರೊಸೆಸರಿನ ಮಿಡಿತಗಳಾದ ಕ್ಲಾಕ್ ಸೈಕಲ್‌ಗಳಲ್ಲಿ ಲೆಕ್ಕ ಹಾಕಿ ನೋಡಿ. 16 ಮೆಗಾಹರ್ಟ್ಸ್ ಎಂದರೆ ಮೈಕ್ರೊಸೆಕೆಂಡಿಗೆ 16 ಸೈಕಲ್. ಹಾಗಾಗಿ 310 ಮೈಕ್ರೊಸೆಕೆಂಡಿಗೆ 4,960 ಸೈಕಲ್ ಆಯಿತು. 32 ಮೆಗಾಹರ್ಟ್ಸ್‌ನಲ್ಲಿ 195 ಮೈಕ್ರೊಸೆಕೆಂಡಿಗೆ 6,240 ಸೈಕಲ್. ಮಾಡಿದ ಕೆಲಸ ಒಂದೇ ಆಗಿದ್ದರೂ ಸೈಕಲ್‌ಗಳು ಕಾಲುಭಾಗದಷ್ಟು ಹೆಚ್ಚಿವೆ, ಮತ್ತು ಆ ಹೆಚ್ಚುವರಿ ಸೈಕಲ್‌ಗಳಲ್ಲಿ ಪ್ರೊಸೆಸರ್ ಸುಮ್ಮನೆ ಕಾದು ನಿಂತಿದೆ. ಪ್ರೋಗ್ರಾಮಿನ ಆದೇಶಗಳು ಇರುವುದು ಫ್ಲ್ಯಾಶ್ ಮೆಮೊರಿಯಲ್ಲಿ. ಫ್ಲ್ಯಾಶಿನಿಂದ ಒಂದು ಪದವನ್ನು ಓದಿ ತರಲು ಬೇಕಾಗುವ ಕಾಲವು ನೀವು ಪ್ರೊಸೆಸರಿನ ಕ್ಲಾಕನ್ನು ಏರಿಸಿದ ಮಾತ್ರಕ್ಕೆ ಕಡಿಮೆಯಾಗುವುದಿಲ್ಲ. ಎಸ್‌ಟಿಎಂ32 ಎಲ್0 ಸರಣಿಯಂಥ ಚಿಪ್‌ಗಳಲ್ಲಿ 16 ಮೆಗಾಹರ್ಟ್ಸ್ ದಾಟಿದೊಡನೆ ಫ್ಲ್ಯಾಶಿನ ಪ್ರತಿ ಓದಿಗೂ ಒಂದು ಸೈಕಲ್ ಕಾಯುವಂತೆ, ಅಂದರೆ ಒಂದು ವೇಟ್ ಸ್ಟೇಟ್ ಇರುವಂತೆ, ಹೊಂದಿಸಲೇಬೇಕು. ಮುಂದಿನ ಆದೇಶಗಳನ್ನು ಮೊದಲೇ ತಂದಿಡುವ ಪ್ರಿಫೆಚ್ ವ್ಯವಸ್ಥೆ ಈ ನಷ್ಟವನ್ನು ಒಂದಿಷ್ಟು ತುಂಬಿಕೊಡುತ್ತದೆಯೇ ಹೊರತು ಪೂರ್ತಿಯಾಗಿ ಅಲ್ಲ. ಕಾರ್ಟೆಕ್ಸ್-ಎಂ4 ಚಿಪ್‌ಗಳಲ್ಲಿ ಹೊಸ ಗೂಢಲಿಪಿಗಳನ್ನು ಅಳೆಯುವ ಪಿಕ್ಯುಎಂ4 ಎಂಬ ಮುಕ್ತ ಯೋಜನೆಯವರು, 168 ಮೆಗಾಹರ್ಟ್ಸ್‌ವರೆಗೆ ಓಡಬಲ್ಲ ಬೋರ್ಡನ್ನು ಬೇಕೆಂದೇ 24 ಮೆಗಾಹರ್ಟ್ಸ್‌ಗೆ ಇಳಿಸಿ ಅಳತೆ ಮಾಡಿದ್ದು ಈ ಕಾಯುವಿಕೆಯನ್ನು ಅಳತೆಯಿಂದ ಹೊರಗಿಡುವುದಕ್ಕಾಗಿಯೇ. ಆದ್ದರಿಂದ ವರದಿಯಲ್ಲಿ ಸೈಕಲ್‌ಗಳ ಎಣಿಕೆ, ಕ್ಲಾಕಿನ ವೇಗ, ವೇಟ್ ಸ್ಟೇಟ್ ಎಷ್ಟಿತ್ತು ಎಂಬ ಮೂರನ್ನೂ ಒಟ್ಟಿಗೆ ಬರೆಯಿರಿ. ಇವುಗಳಲ್ಲಿ ಒಂದನ್ನು ಬಿಟ್ಟರೂ ಉಳಿದವನ್ನು ಇನ್ನೊಬ್ಬರು ಸರಿನೋಡಲಾರರು.

ನಿಮ್ಮ ಸಹಪಾಠಿಯ 1,100ಕ್ಕೆ ಕಾರಣ ಬಹುಪಾಲು, ಬರೆದ ಪ್ರೋಗ್ರಾಮನ್ನು ಯಂತ್ರದ ಆದೇಶಗಳಿಗೆ ತಿರುಗಿಸುವ ಕಂಪೈಲರಿನಲ್ಲಿದೆ. ದೋಷ ಹುಡುಕುವ ಅನುಕೂಲಕ್ಕೆಂದು ಆಪ್ಟಿಮೈಸೇಶನ್ (ಚುರುಕುಗೊಳಿಸುವ) ಮಟ್ಟವನ್ನು ‘ಓ0’ ಎಂದಿಟ್ಟಾಗ ಕಂಪೈಲರ್ ಪ್ರತಿಯೊಂದು ಚಿಲ್ಲರೆ ಮೌಲ್ಯವನ್ನೂ ರ‍್ಯಾಮಿಗೆ ಬರೆದು, ಮರುಕ್ಷಣವೇ ಮತ್ತೆ ಓದಿಕೊಳ್ಳುತ್ತದೆ. ‘ಓ2’ ಎಂದಿಟ್ಟರೆ ಅದೇ ಮೌಲ್ಯಗಳು ಪ್ರೊಸೆಸರಿನೊಳಗಿನ ರಿಜಿಸ್ಟರುಗಳಲ್ಲೇ ಉಳಿಯುತ್ತವೆ. ಮೂರು ನಾಲ್ಕು ಪಟ್ಟು ವ್ಯತ್ಯಾಸ ಬರುವುದು ಇದರಲ್ಲಿ ಮಾಮೂಲು. ಅವನು ಪ್ರತಿ ಬ್ಲಾಕಿಗೂ ಕೀಲಿಯ ವಿಸ್ತರಣೆಯನ್ನು ಹೊಸದಾಗಿ ಮಾಡುತ್ತಿದ್ದಾನೆಯೇ ಎಂಬುದನ್ನೂ ನೋಡಿ. ಎಇಎಸ್-128ರಲ್ಲಿ 16 ಬೈಟಿನ ಕೀಲಿಯಿಂದ ಹತ್ತು ಸುತ್ತುಗಳಿಗೆ ಬೇಕಾದ 176 ಬೈಟುಗಳನ್ನು ಒಮ್ಮೆ ಸಿದ್ಧಪಡಿಸಿಕೊಂಡರೆ ಸಾಕು, ಅದನ್ನು ಬೇರೆಯಾಗಿಯೇ ಅಳೆಯಬೇಕು.

ಇನ್ನು ಅಳೆಯುವ ಕ್ರಮ. ಕಾರ್ಟೆಕ್ಸ್-ಎಂ3, ಎಂ4 ಚಿಪ್‌ಗಳಲ್ಲಿ ಸೈಕಲ್ ಎಣಿಸುವ 32 ಬಿಟ್‌ನ ಎಣಿಕೆಗಾರ ಸಾಮಾನ್ಯವಾಗಿ ಒಳಗೇ ಇರುತ್ತದೆ; ನಿಮ್ಮ ಎಂ0 ಪ್ಲಸ್‌ನಲ್ಲಿ ಅದಿಲ್ಲ. ಅದರ ಬದಲು 24 ಬಿಟ್‌ನ ಸಿಸ್‌ಟಿಕ್ ಟೈಮರನ್ನು ಬಳಸಿಕೊಳ್ಳಿ. ಅದು ಕೆಳಮುಖವಾಗಿ ಎಣಿಸುತ್ತದೆ ಮತ್ತು 16 ಮೆಗಾಹರ್ಟ್ಸ್‌ನಲ್ಲಿ ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತಿಗೆ ಸೊನ್ನೆ ತಲಪಿ ಮತ್ತೆ ಮೇಲಿಂದ ಶುರುವಾಗುತ್ತದೆ, ಆದ್ದರಿಂದ ಒಂದು ಬ್ಲಾಕಿಗೆ ಧಾರಾಳವಾಗಿ ಸಾಕು. ಅಳೆಯುವಾಗ, ನಡುವೆ ಬಂದು ಕೆಲಸ ತಡೆಯುವ ಇಂಟರಪ್ಟ್‌ಗಳನ್ನು ನಿಲ್ಲಿಸಿ, ಏನನ್ನೂ ಮಾಡದ ಖಾಲಿ ಅಳತೆಯೊಂದನ್ನು ತೆಗೆದು ಅದನ್ನು ಕಳೆಯಿರಿ, ಕೀಲಿಯನ್ನೂ ಸಂದೇಶವನ್ನೂ ಬದಲಿಸುತ್ತ ಸಾವಿರ ಸಲ ನಡೆಸಿ. ಸಾವಿರ ಸಲವೂ ಒಂದೇ ಸಂಖ್ಯೆ ಬಂದರೆ ಸಂತೋಷಪಡಿ. ಕೀಲಿ ಬದಲಾದಂತೆ ಸೈಕಲ್‌ಗಳೂ ಬದಲಾಗುತ್ತಿದ್ದರೆ ಅದು ಅಳತೆಯ ತೊಡಕಿರಬಹುದು, ಇಲ್ಲವೇ ಕೀಲಿಯೇ ಕಾಲದ ರೂಪದಲ್ಲಿ ಹೊರಗೆ ಸೋರುತ್ತಿರಬಹುದು. ಪಾಲ್ ಕೋಕರ್ 1996ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ಲೆಕ್ಕಕ್ಕೆ ಹಿಡಿದ ಕಾಲವನ್ನು ಗಮನಿಸುತ್ತ ಕುಳಿತವನು ಬೀಗವನ್ನು ಒಡೆಯದೆಯೇ ಕೀಲಿಯನ್ನು ಊಹಿಸಬಲ್ಲ.

ನನ್ನದೇ ಒಂದು ಪೆಟ್ಟನ್ನು ಇಲ್ಲಿ ಹೇಳಿಕೊಳ್ಳಬೇಕು. ಮೊದಮೊದಲು ಇಂಥ ಅಳತೆ ಮಾಡಿದಾಗ ನನಗೆ ಒಂದು ಬ್ಲಾಕಿಗೆ ಕೇವಲ ಹನ್ನೆರಡು ಸೈಕಲ್ ಬಂದಿತ್ತು, ಮತ್ತು ಒಂದು ಸಂಜೆಯ ಮಟ್ಟಿಗೆ ನಾನು ಅದನ್ನು ನಂಬಿದ್ದೆ. ಹತ್ತು ಸುತ್ತಿನ ಎಇಎಸ್ ಹನ್ನೆರಡು ಸೈಕಲ್‌ನಲ್ಲಿ ಮುಗಿಯುವುದು ಸಾಧ್ಯವೇ ಇಲ್ಲ. ನಾನು ಬಂದ ಉತ್ತರವನ್ನು ಎಲ್ಲಿಯೂ ಬಳಸಿರಲಿಲ್ಲವಾದ್ದರಿಂದ, ‘ಇದು ಯಾರಿಗೂ ಬೇಡದ ಲೆಕ್ಕ’ ಎಂದು ಕಂಪೈಲರ್ ಇಡೀ ಗೂಢಲಿಪೀಕರಣವನ್ನೇ ಕಿತ್ತುಹಾಕಿತ್ತು. ಅಂದಿನಿಂದ ಅಳತೆಗೆ ಮೊದಲು ಉತ್ತರವನ್ನು ಸರಿನೋಡುತ್ತೇನೆ. ಎಇಎಸ್‌ನ ಮಾನಕವಾದ ಎಫ್‌ಐಪಿಎಸ್ 197ರ ಅನುಬಂಧದಲ್ಲಿ ಕೀಲಿ, ಸಂದೇಶ, ಬರಬೇಕಾದ ಗೂಢಲಿಪಿ ಮೂರನ್ನೂ ಮುದ್ರಿಸಿದ್ದಾರೆ. ನಿಮ್ಮ ಪ್ರೋಗ್ರಾಮ್ ಅದಕ್ಕೆ ಹೊಂದುವವರೆಗೆ ಅದರ ವೇಗದ ಬಗ್ಗೆ ಮಾತನಾಡುವುದರಲ್ಲಿ ಅರ್ಥವಿಲ್ಲ.

ಪ್ರಶ್ನೆ: ನನ್ನ ಬಳಿ ಇರುವುದು ಆರ್ಡುಯಿನೊ ಯುನೊ ಮಾತ್ರ. ಎರಡು ಸಾಧನಗಳು ಬಹಿರಂಗವಾಗಿ ಮಾತಾಡಿಕೊಂಡೇ ಗುಟ್ಟಿನ ಕೀಲಿಯನ್ನು ಗೊತ್ತುಮಾಡಿಕೊಳ್ಳುವ ಸಾರ್ವಜನಿಕ ಕೀಲಿಯ ಲೆಕ್ಕವಾದ ಎಕ್ಸ್25519 ಅನ್ನು ಟೈಮರ್-1ರಿಂದ ಅಳೆದರೆ ಪ್ರತಿ ಸಲವೂ ಒಂದೊಂದು ಸಂಖ್ಯೆ ಬರುತ್ತದೆ, ಎಲ್ಲವೂ 65,536ಕ್ಕಿಂತ ಕಡಿಮೆ. ಬೋರ್ಡ್ ಕೆಟ್ಟಿದೆಯೇ? (ಮದ್ದೂರು)

ಉತ್ತರ: ಬೋರ್ಡ್ ಚೆನ್ನಾಗಿಯೇ ಇದೆ. ಟೈಮರ್-1 ಎಂಬುದು 16 ಬಿಟ್‌ನದು; 65,536 ಸೈಕಲ್, ಅಂದರೆ ಸುಮಾರು ನಾಲ್ಕು ಮಿಲಿಸೆಕೆಂಡು ಮುಗಿದೊಡನೆ ಅದು ಮತ್ತೆ ಸೊನ್ನೆಯಿಂದ ಎಣಿಸತೊಡಗುತ್ತದೆ. ಎಕ್ಸ್25519ರ ಒಂದು ಲೆಕ್ಕಕ್ಕೆ ಈ 8 ಬಿಟ್‌ನ ಎವಿಆರ್ ಪ್ರೊಸೆಸರಿನಲ್ಲಿ, ಪರಿಣತರು ಯಂತ್ರಕ್ಕೆ ಹತ್ತಿರದ ಅಸೆಂಬ್ಲಿ ಭಾಷೆಯಲ್ಲಿ ಬರೆದು 2015ರಲ್ಲಿ ಪ್ರಕಟಿಸಿದ ಪ್ರೋಗ್ರಾಮಿಗೂ ಸುಮಾರು 1 ಕೋಟಿ 39 ಲಕ್ಷ ಸೈಕಲ್ ಬೇಕಾಯಿತು. 16 ಮೆಗಾಹರ್ಟ್ಸ್‌ನಲ್ಲಿ ಅದು 0.87 ಸೆಕೆಂಡು, ಅಷ್ಟರಲ್ಲಿ ನಿಮ್ಮ ಟೈಮರ್ ಇನ್ನೂರಕ್ಕೂ ಹೆಚ್ಚು ಸಲ ಸುತ್ತಿ ಬಂದಿರುತ್ತದೆ. ಅದೇ ತಂಡದವರ ಕಾರ್ಟೆಕ್ಸ್-ಎಂ0 ಪ್ರೋಗ್ರಾಮಿಗೆ ಹಿಡಿದದ್ದು ಸುಮಾರು 36 ಲಕ್ಷ ಸೈಕಲ್. ಇಷ್ಟು ದೀರ್ಘವಾದ ಲೆಕ್ಕಗಳಿಗೆ ಯುನೊದ ಮೈಕ್ರೊಸೆಕೆಂಡ್ ಎಣಿಕೆಯೇ ಸಾಕು. ಅದರ ಹೆಜ್ಜೆ 4 ಮೈಕ್ರೊಸೆಕೆಂಡಿನದಾದರೂ, ಒಂದು ಸೆಕೆಂಡಿನ ಎದುರು ಅದು ಲೆಕ್ಕಕ್ಕೆ ಬರುವಷ್ಟಲ್ಲ.

ಪ್ರಶ್ನೆ: ನಾನು ಕೆಲಸ ಮಾಡುವ ಕಡೆ ಲೋರಾ ಎಂಬ ದೂರಗಾಮಿ ರೇಡಿಯೊ ಬಳಸುವ ಕೃಷಿ ಸಂವೇದಕಗಳನ್ನು ತಯಾರಿಸುತ್ತೇವೆ. ಗೂಢಲಿಪೀಕರಣ ಸೇರಿಸಿದರೆ ಬ್ಯಾಟರಿಯ ಬಾಳಿಕೆ ಕಡಿಮೆಯಾಗುತ್ತದೆ ಎಂದು ಹಿರಿಯರು ಅದನ್ನು ಕೈಬಿಡಲು ಹೇಳುತ್ತಿದ್ದಾರೆ. ಅವರ ಮಾತು ನಿಜವೇ? (ಹೂಟಗಳ್ಳಿ ಕೈಗಾರಿಕಾ ಪ್ರದೇಶ, ಮೈಸೂರು)

ಉತ್ತರ: ಮಾತು ನಿಜ, ಆದರೆ ಎಷ್ಟು ಕಡಿಮೆಯಾಗುತ್ತದೆ ಎಂದು ಅವರು ಲೆಕ್ಕ ಹಾಕಿದಂತಿಲ್ಲ. ಮಂಡ್ಯದ ವಿದ್ಯಾರ್ಥಿನಿಯ ಅಳತೆ ನಮ್ಮ ಕೈಯಲ್ಲಿಯೇ ಇದೆ, ಅದನ್ನು ಹಿಡಿದುಕೊಂಡು ನಾವೇ ಹಾಕೋಣ.

ಸಾಧನವು ಹತ್ತು ನಿಮಿಷಕ್ಕೊಮ್ಮೆ ಎದ್ದು 10 ಬೈಟಿನ ಮಾಹಿತಿಯನ್ನು ಕಳಿಸುತ್ತದೆ ಎಂದಿಟ್ಟುಕೊಳ್ಳಿ. ಲೋರಾ ಸಂದೇಶಗಳ ಜಾಲವಾದ ಲೋರಾವಾನ್ ವ್ಯವಸ್ಥೆಯಲ್ಲಿ ವಿಳಾಸ, ಎಣಿಕೆ, ಸಂದೇಶ ನಿಜವೆಂದು ಸಾರುವ ನಾಲ್ಕು ಬೈಟಿನ ದೃಢೀಕರಣ ಮುದ್ರೆ ಎಲ್ಲ ಸೇರಿ ಇನ್ನೂ 13 ಬೈಟು ಕೂಡುತ್ತದೆ, ಒಟ್ಟು 23. ಈ ಸಂದೇಶವನ್ನು ಮರೆಮಾಡಲು ಒಂದು ಮತ್ತು ಮುದ್ರೆಯನ್ನು ಲೆಕ್ಕ ಹಾಕಲು ಮೂರು, ಹೀಗೆ ನಾಲ್ಕು ಎಇಎಸ್ ಬ್ಲಾಕುಗಳು ಬೇಕು. ಬ್ಲಾಕಿಗೆ 310 ಮೈಕ್ರೊಸೆಕೆಂಡಿನಂತೆ 1.24 ಮಿಲಿಸೆಕೆಂಡು ಆಯಿತು. ಪ್ರೊಸೆಸರ್ 3 ವೋಲ್ಟಿನಲ್ಲಿ 3 ಮಿಲಿಆಂಪಿಯರ್ ಎಳೆಯುತ್ತದೆ ಎಂದು ಹಿಡಿದರೆ, ಗೂಢಲಿಪೀಕರಣದ ಒಟ್ಟು ಖರ್ಚು ಸುಮಾರು 11 ಮೈಕ್ರೊಜೂಲ್.

ಈಗ ರೇಡಿಯೊದ ಕಡೆ ಬನ್ನಿ. ನೀವು ಬಳಸುತ್ತಿರಬಹುದಾದ ಎಸ್‌ಎಕ್ಸ್1276 ಚಿಪ್ 13 ಡಿಬಿಎಂ ಬಲದಲ್ಲಿ ಪ್ರಸಾರ ಮಾಡುವಾಗ 29 ಮಿಲಿಆಂಪಿಯರ್ ಎಳೆಯುತ್ತದೆ ಎಂದು ಅದರ ವಿವರಪತ್ರಿಕೆ ಹೇಳುತ್ತದೆ. 125 ಕಿಲೋಹರ್ಟ್ಸ್ ಅಗಲದಲ್ಲಿ ಅದೇ 23 ಬೈಟುಗಳು, ಅತಿ ವೇಗದ ಎಸ್‌ಎಫ್7 ಕ್ರಮದಲ್ಲಿ ಸುಮಾರು 62 ಮಿಲಿಸೆಕೆಂಡಿನಲ್ಲಿ ಹೋಗಿ ಮುಗಿಯುತ್ತವೆ. ಅತಿ ದೂರ ತಲಪುವ ಎಸ್‌ಎಫ್12 ಕ್ರಮದಲ್ಲಿ 1.48 ಸೆಕೆಂಡು ಬೇಕು. ಮೊದಲನೆಯದಕ್ಕೆ 5.4 ಮಿಲಿಜೂಲ್, ಎರಡನೆಯದಕ್ಕೆ 129 ಮಿಲಿಜೂಲ್. ಅಂದರೆ ಪ್ರಸಾರದ ಖರ್ಚು ಗೂಢಲಿಪೀಕರಣದ ಖರ್ಚಿನ 480 ಪಟ್ಟಿನಿಂದ ಹಿಡಿದು ಹನ್ನೊಂದು ಸಾವಿರ ಪಟ್ಟಿಗೂ ಮೀರಿದೆ. ಕಬ್ಬಿನ ಸೀಮೆಯಲ್ಲಿ ಸಾಧನ ಇಟ್ಟವರಿಗೆ ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಾಟಿಯ ಹೊತ್ತಿನಲ್ಲಿ ಎಸ್‌ಎಫ್7ರಲ್ಲೇ ಸಲೀಸಾಗಿ ಮುಟ್ಟುತ್ತಿದ್ದ ಸಂದೇಶವು, ಪೈರು ಆಂಟೆನಾವನ್ನು ಮೀರಿ ಬೆಳೆದು ಒತ್ತಾದ ಮೇಲೆ, ನೀರು ತುಂಬಿದ ಆ ಎಲೆಗಳ ನಡುವೆ ಕುಗ್ಗಿ, ನಿಧಾನದ ಕ್ರಮಕ್ಕೆ ಇಳಿಯಬೇಕಾಗಿ ಬರಬಹುದು. ಆಗ ಬ್ಯಾಟರಿಯ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಆಂಟೆನಾವನ್ನು ಎತ್ತರದ ಗಳುವಿಗೆ ಏರಿಸುವುದರಿಂದ ಉಳಿಯುವ ವಿದ್ಯುತ್ತು ಗೂಢಲಿಪೀಕರಣವನ್ನು ಬಿಡುವುದರಿಂದ ಎಂದೂ ಉಳಿಯದು.

ನಿದ್ದೆಯ ಖರ್ಚನ್ನೂ ಮರೆಯಬಾರದು. ಹತ್ತು ನಿಮಿಷ ಮಲಗಿರುವಾಗ ಸಾಧನವು ಬರೀ 5 ಮೈಕ್ರೊಆಂಪಿಯರ್ ಎಳೆದರೂ 9 ಮಿಲಿಜೂಲ್ ಹೋಗುತ್ತದೆ, ಅಂದರೆ ಎಸ್‌ಎಫ್7ರ ಪ್ರಸಾರಕ್ಕಿಂತ ಹೆಚ್ಚು. ಇನ್ನು ಇಡೀ ಬಾಳಿಕೆಯ ಲೆಕ್ಕ: 2,000 ಮಿಲಿಆಂಪಿಯರ್-ಗಂಟೆಯ 3 ವೋಲ್ಟ್ ಬ್ಯಾಟರಿಯಲ್ಲಿ 21,600 ಜೂಲ್ ಇರುತ್ತದೆ. ಎಸ್‌ಎಫ್12ರಲ್ಲಿ ದಿನಕ್ಕೆ 144 ಸಂದೇಶ ಕಳಿಸುತ್ತ, ಪ್ರಸಾರ ಮತ್ತು ನಿದ್ದೆ ಸೇರಿ ದಿನಕ್ಕೆ 20 ಜೂಲ್ ಹೋಗುವಾಗ ಅದು ಕಾಗದದ ಮೇಲೆ ಸುಮಾರು 1,087 ದಿನ ಬರುತ್ತದೆ. ಗೂಢಲಿಪೀಕರಣವನ್ನು ಸೇರಿಸಿದರೆ ಈ ಮೂರು ವರ್ಷದಲ್ಲಿ ಕಡಿಮೆಯಾಗುವುದು ಸುಮಾರು ಎರಡು ಗಂಟೆ. ಬ್ಯಾಟರಿಯು ತಾನಾಗಿ ಸೋರುವುದನ್ನೂ, ಉತ್ತರಕ್ಕಾಗಿ ರೇಡಿಯೊ ಕಿವಿ ತೆರೆದು ಕಾಯುವುದನ್ನೂ ನಾನಿಲ್ಲಿ ಬಿಟ್ಟಿದ್ದೇನೆ. ಅವನ್ನು ಸೇರಿಸಿದರೆ ಗೂಢಲಿಪೀಕರಣದ ಪಾಲು ಇನ್ನೂ ಕಿರಿದಾಗುತ್ತದೆಯೇ ವಿನಾ ಹಿರಿದಾಗುವುದಿಲ್ಲ.

ಹಾಗೆಂದು ಹಿರಿಯರ ಆತಂಕದಲ್ಲಿ ಹುರುಳೇ ಇಲ್ಲವೆಂದಲ್ಲ. ಗೂಢಲಿಪೀಕರಣ ದುಬಾರಿಯಾಗುವುದು ಅದು ಸಂದೇಶವನ್ನು ಉದ್ದ ಮಾಡಿದಾಗ. ಯಾವುದೋ ಕಂಪ್ಯೂಟರ್ ಲೈಬ್ರರಿಯನ್ನು ಹಾಗೆಯೇ ಎತ್ತಿ ತಂದು ಪ್ರತಿ ಸಂದೇಶಕ್ಕೂ 16 ಬೈಟನ್ನು ಹೆಚ್ಚುವರಿಯಾಗಿ ಅಂಟಿಸಿದಿರಿ ಎನ್ನಿ. ಎಸ್‌ಎಫ್12ರಲ್ಲಿ ಪ್ರಸಾರದ ಕಾಲ 1.48 ಸೆಕೆಂಡಿನಿಂದ 1.97ಕ್ಕೆ ಏರುತ್ತದೆ, ಖರ್ಚು 43 ಮಿಲಿಜೂಲ್ ಹೆಚ್ಚುತ್ತದೆ. ಅದು ಎಇಎಸ್ ಲೆಕ್ಕದ ಖರ್ಚಿನ ಸುಮಾರು 3,800 ಪಟ್ಟು. ಸೈಕಲ್‌ಗಳನ್ನು ಉಳಿಸಲು ವಾರಗಟ್ಟಲೆ ಅಸೆಂಬ್ಲಿ ಬರೆದು, ಕೊನೆಗೆ ಸಂದೇಶದಲ್ಲಿ ಹತ್ತು ಬೈಟುಗಳನ್ನು ಲೆಕ್ಕಿಸದೆ ಚೆಲ್ಲುವವರನ್ನು ನಾನು ಕಂಡಿದ್ದೇನೆ. ನಿಮ್ಮ ಹಿರಿಯರಿಗೆ ಬೈಟುಗಳ ಲೆಕ್ಕವನ್ನು ತೋರಿಸಿ, ಅವರು ಒಪ್ಪುತ್ತಾರೆ.

ಪ್ರಶ್ನೆ: ವಿದ್ಯಾರ್ಥಿಗಳಿಗೆ ಕಲಿಸಲು ಎಇಎಸ್, ಚಾಚಾ20, ಆಸ್ಕಾನ್ ಈ ಮೂರು ಗೂಢಲಿಪಿಗಳಲ್ಲಿ ಪುಟ್ಟ ಪ್ರೊಸೆಸರುಗಳಿಗೆ ಯಾವುದು ಉತ್ತಮವೆಂದು ಹೇಳಬೇಕು? ಅಂತರ್ಜಾಲದಲ್ಲಿ ಸಿಗುವ ಹೋಲಿಕೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. (ಪಾಲಿಟೆಕ್ನಿಕ್ ಉಪನ್ಯಾಸಕರು, ಮೈಸೂರು)

ಉತ್ತರ: ತಾಳೆಯಾಗದಿರುವುದಕ್ಕೆ ಮುಖ್ಯ ಕಾರಣ ಸಂದೇಶದ ಉದ್ದ. ಬಹಳಷ್ಟು ಪಟ್ಟಿಗಳು ಸಾವಿರಾರು ಬೈಟಿನ ಸಂದೇಶವನ್ನು ಹಿಡಿದು ಬೈಟಿಗೆ ಇಷ್ಟು ಸೈಕಲ್ ಎನ್ನುತ್ತವೆ, ಗದ್ದೆಯ ಸಂದೇಶವೋ ಹತ್ತು ಬೈಟಿನದು. ಡೇನಿಯಲ್ ಬರ್ನ್‌ಸ್ಟೀನ್ ಅವರು 2008ರಲ್ಲಿ ಕೊಟ್ಟ ಚಾಚಾ20 ಕೂಡುವುದು, ತಿರುಗಿಸುವುದು, ಎಕ್ಸಾರ್ ಮಾಡುವುದು (ಎರಡು ಬಿಟ್ ಬೇರೆಯಾಗಿದ್ದರೆ 1 ಕೊಡುವುದು) ಈ ಮೂರೇ ಕ್ರಿಯೆಗಳಿಂದ ನಡೆಯುತ್ತದೆ ಮತ್ತು 32 ಬಿಟ್ ಪ್ರೊಸೆಸರಿನಲ್ಲಿ ಉದ್ದದ ಸಂದೇಶಕ್ಕೆ ಸೊಗಸಾಗಿ ಓಡುತ್ತದೆ. ಆದರೆ ಅದರ ಒಂದು ಬ್ಲಾಕ್ 64 ಬೈಟಿನದು. ಹತ್ತು ಬೈಟನ್ನು ಮರೆಮಾಡಲು 64 ಬೈಟು ತಯಾರಿಸಿ 54ನ್ನು ಎಸೆಯಬೇಕು, ಜೊತೆಗೆ ಅದರೊಡನೆ ಬಳಸುವ ಪಾಲಿ1305 ಎಂಬ ದೃಢೀಕರಣ ಮುದ್ರೆಯ ಕೀಲಿಗಾಗಿ ಇನ್ನೊಂದು ಬ್ಲಾಕನ್ನೂ ಮಾಡಬೇಕು. ಎಂ0 ಪ್ಲಸ್‌ನ ಗುಣಾಕಾರವು 32 ಬಿಟ್‌ನ ಎರಡು ಸಂಖ್ಯೆಗಳನ್ನು ಗುಣಿಸಿದಾಗ ಉತ್ತರದ ಕೆಳಗಿನ 32 ಬಿಟ್‌ಗಳನ್ನು ಮಾತ್ರ ಕೊಡುವುದರಿಂದ, 130 ಬಿಟ್‌ನ ಲೆಕ್ಕ ಮಾಡುವ ಪಾಲಿ1305 ಅಲ್ಲಿ ಏದುಸಿರು ಬಿಡುತ್ತದೆ. ಎಂ4ರಲ್ಲಿ ಈ ತೊಂದರೆಯಿಲ್ಲ.

ಬೆಲ್ಜಿಯಂನ ಯೋನ್ ಡಾಮನ್ ಮತ್ತು ವಿನ್ಸೆಂಟ್ ರೈಮನ್ ರೂಪಿಸಿ, 2001ರಲ್ಲಿ ಅಮೆರಿಕದ ಮಾನಕವಾದ ಎಇಎಸ್ ಬೈಟು ಬೈಟಾಗಿ ಕೆಲಸ ಮಾಡುವುದರಿಂದ 8 ಬಿಟ್ ಪ್ರೊಸೆಸರಿಗೂ ಒಗ್ಗುತ್ತದೆ. ಅದಕ್ಕೆ 256 ಬೈಟಿನ ಒಂದು ಕೋಷ್ಟಕ ಸಾಕು. ವೇಗಕ್ಕಾಗಿ 4 ಕಿಲೋಬೈಟಿನ ಕೋಷ್ಟಕಗಳನ್ನು ಬಳಸುವ ರೂಪವೂ ಇದೆಯಾದರೂ, ಯುನೊದಲ್ಲಿ ಒಟ್ಟು ರ‍್ಯಾಮ್ ಇರುವುದೇ 2 ಕಿಲೋಬೈಟ್. ಚಿಪ್ಪಿನೊಳಗೇ ಎಇಎಸ್ ಯಂತ್ರಾಂಶವಿದ್ದರೆ, ಇಎಸ್‌ಪಿ32ರಲ್ಲಿ ಇರುವಂತೆ, ಈ ಚರ್ಚೆಯೇ ಅಲ್ಲಿಗೆ ಮುಗಿಯಿತು, ಅದನ್ನೇ ಬಳಸಿ. ಯಂತ್ರಾಂಶವಿಲ್ಲದಿದ್ದಲ್ಲಿ ಮರೆಮಾಡುವುದನ್ನೂ ಮುದ್ರೆ ಹಾಕುವುದನ್ನೂ ಒಟ್ಟಿಗೆ ಮಾಡುವ ಜಿಸಿಎಂ, ಸಿಸಿಎಂ ಎಂಬ ಎರಡು ಕ್ರಮಗಳಲ್ಲಿ ಸಿಸಿಎಂ ಕ್ರಮವನ್ನು ಆರಿಸಿಕೊಳ್ಳುವುದು ಜಾಣತನ, ಏಕೆಂದರೆ ಸಿಸಿಎಂಗೆ ಎಇಎಸ್ ಒಂದನ್ನು ಬಿಟ್ಟು ಬೇರೆ ಗಣಿತ ಬೇಕಿಲ್ಲ.

ಆಸ್ಕಾನ್ ಹುಟ್ಟಿದ್ದು 2014ರ ಹೊತ್ತಿಗೆ. ಪುಟ್ಟ ಸಾಧನಗಳ ಗೂಢಲಿಪಿಗಾಗಿ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ನಡೆಸಿದ ಸ್ಪರ್ಧೆಯಲ್ಲಿ 57 ಪ್ರಸ್ತಾವಗಳು ಬಂದು, ಹತ್ತು ಕೊನೆಯ ಸುತ್ತಿಗೆ ಉಳಿದು, 2023ರ ಫೆಬ್ರುವರಿಯಲ್ಲಿ ಇದು ಆಯ್ಕೆಯಾಯಿತು. 2025ರ ಆಗಸ್ಟ್‌ನಲ್ಲಿ ಎಸ್‌ಪಿ 800-232 ಎಂಬ ಹೆಸರಿನಲ್ಲಿ ಮಾನಕವಾಗಿ ಹೊರಬಂದಿದೆ. ಅದರ ಇಡೀ ಸ್ಥಿತಿ 40 ಬೈಟು, ಕೋಷ್ಟಕ ಬೇಕಿಲ್ಲ, ಮರೆಮಾಡುವುದು ಮತ್ತು ಮುದ್ರೆ ಹಾಕುವುದು ಒಂದೇ ಕ್ರಿಯೆಯಲ್ಲಿ ಮುಗಿಯುತ್ತವೆ. ಕೋಷ್ಟಕವಿಲ್ಲದ ಸರಳ ಬಿಟ್ ಕ್ರಿಯೆಗಳಾದ್ದರಿಂದ, ವಿದ್ಯುತ್ ಏರಿಳಿತವನ್ನು ನೋಡಿ ಕೀಲಿ ಕದಿಯುವವರಿಂದ ಇದನ್ನು ಕಾಪಾಡುವುದೂ ಎಇಎಸ್‌ಗಿಂತ ಹಗುರ. ನನ್ನ ಅಭಿಪ್ರಾಯ ಕೇಳಿದರೆ, ತರಗತಿಯಲ್ಲಿ ಮೂರನ್ನೂ 8, 16, 64, 1,024 ಬೈಟಿನ ಸಂದೇಶಗಳ ಮೇಲೆ ಓಡಿಸಿ, ಯಾವ ಉದ್ದದಲ್ಲಿ ಯಾವುದು ಮುಂದಾಗುತ್ತದೆ ಎಂಬುದನ್ನು ವಿದ್ಯಾರ್ಥಿಗಳೇ ನಕ್ಷೆ ಬರೆದು ಕಂಡುಕೊಳ್ಳುವಂತೆ ಮಾಡಿ. ಸೈಕಲ್‌ಗಳ ಪಕ್ಕದಲ್ಲಿ ಫ್ಲ್ಯಾಶ್ ಎಷ್ಟು, ರ‍್ಯಾಮ್ ಎಷ್ಟು ಎಂಬ ಕಂಬಗಳೂ ಇರಲಿ.

ಪ್ರಶ್ನೆ: ಸ್ವಾಮಿ, ತೋಟದ ಪಂಪ್‌ಸೆಟ್ಟನ್ನು ಮನೆಯಿಂದಲೇ ಆನ್-ಆಫ್ ಮಾಡಲು ನನ್ನ ಮಗ ರೇಡಿಯೊ ಸ್ಟಾರ್ಟರ್ ಮಾಡಿಕೊಟ್ಟಿದ್ದಾನೆ. ಎಇಎಸ್ ಹಾಕಿದ್ದೇನೆ, ಯಾರೂ ಏನೂ ಮಾಡಲಾರರು ಎನ್ನುತ್ತಾನೆ. ನಿಶ್ಚಿಂತೆಯಿಂದ ಇರಬಹುದೇ? (ಪಾಂಡವಪುರ)

ಉತ್ತರ: ಮಗನಿಗೆ ಎರಡು ಪ್ರಶ್ನೆ ಕೇಳಿ. ನಿನ್ನೆ ರಾತ್ರಿ ಕಳಿಸಿದ ‘ಆನ್’ ಸಂದೇಶವನ್ನು ಯಾರಾದರೂ ಹಿಡಿದಿಟ್ಟುಕೊಂಡು ಇಂದು ಹಾಗೆಯೇ ಮರಳಿ ಕಳಿಸಿದರೆ ಸ್ಟಾರ್ಟರ್ ಏನು ಮಾಡುತ್ತದೆ? ಗೂಢಲಿಪಿಯ ಒಂದು ಬಿಟ್ಟನ್ನು ದಾರಿಯಲ್ಲಿ ತಿರುಗಿಸಿದರೆ ಏನು ಮಾಡುತ್ತದೆ?

ಮೊದಲನೆಯದನ್ನು ಮಾಡುವವನಿಗೆ ಕೀಲಿ ಗೊತ್ತಿರಬೇಕಿಲ್ಲ, ಸಂದೇಶದ ಅರ್ಥವೂ ಬೇಕಿಲ್ಲ. ನೀರುಗಂಟಿಗೆ ನಿನ್ನೆ ತೋರಿಸಿದ ಚೀಟಿಯನ್ನೇ ಇಂದೂ ತೋರಿಸಿ ತೂಬು ಎತ್ತಿಸಿಕೊಂಡಂತೆ ಅದು. ಚೀಟಿಯಲ್ಲಿ ದಿನಾಂಕವಿಲ್ಲದಿದ್ದರೆ ನೀರುಗಂಟಿಯದೇನೂ ತಪ್ಪಿಲ್ಲ. ಬೋರಿನಲ್ಲಿ ನೀರು ಇಳಿದಿರುವ ಹೊತ್ತಿನಲ್ಲಿ ಪಂಪು ಹೀಗೆ ಓಡಿದರೆ ಮೋಟಾರ್ ಸುಡುತ್ತದೆ. ಇದಕ್ಕೆ ಪರಿಹಾರ ಪ್ರತಿ ಸಂದೇಶಕ್ಕೂ ಏರುತ್ತ ಹೋಗುವ ಒಂದು ಎಣಿಕೆಯನ್ನು ಸೇರಿಸುವುದು, ಹಿಂದಿನದಕ್ಕಿಂತ ದೊಡ್ಡದಲ್ಲದ ಎಣಿಕೆ ಬಂದರೆ ಸ್ಟಾರ್ಟರ್ ಅದನ್ನು ತಿರಸ್ಕರಿಸುವುದು. ಎರಡನೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಸಿಟಿಆರ್ ಎಂಬ ಕ್ರಮದಲ್ಲಿ ಎಇಎಸ್ ಬಳಸಿದ್ದರೆ, ಗೂಢಲಿಪಿಯ ಯಾವ ಬಿಟ್ಟನ್ನು ತಿರುಗಿಸಿದರೂ ಬಿಡಿಸಿದ ಸಂದೇಶದಲ್ಲಿ ಅದೇ ಬಿಟ್ಟು ತಿರುಗುತ್ತದೆ. ‘ಆಫ್’ಗೆ 0, ‘ಆನ್’ಗೆ 1 ಎಂದಿದ್ದರೆ ಕೀಲಿಯಿಲ್ಲದವನೂ ಆಫ್ ಅನ್ನು ಆನ್ ಮಾಡಬಲ್ಲ. ಸಂದೇಶವನ್ನು ಮರೆಮಾಡುವುದೇ ಬೇರೆ, ಅದು ನಿಜವಾಗಿಯೂ ನಿಮ್ಮಿಂದಲೇ ಬಂದದ್ದೆಂದು ಖಚಿತಪಡಿಸುವುದೇ ಬೇರೆ, ಮತ್ತು ಪಂಪಿಗೆ ಬೇಕಾದದ್ದು ಎರಡನೆಯದು. ನಾಲ್ಕು ಬೈಟಿನ ದೃಢೀಕರಣ ಮುದ್ರೆ ಇದ್ದರೂ ಒಮ್ಮೆಗೆ ಸರಿಯಾಗಿ ಊಹಿಸುವ ಸಂಭವ ಸುಮಾರು 429 ಕೋಟಿಗೆ ಒಂದು. ಐದಾರು ತಪ್ಪು ಮುದ್ರೆ ಬಂದರೆ ಸ್ವಲ್ಪ ಹೊತ್ತು ಕಿವಿ ಮುಚ್ಚಿಕೊಳ್ಳುವಂತೆ ಮಾಡಿದರೆ ಪಂಪಿಗೆ ಅದು ಸಾಕು.

ಎಣಿಕೆಯನ್ನು ಎಲ್ಲಿ ಇಟ್ಟಿದ್ದಾನೆ ಎಂಬುದನ್ನೂ ಕೇಳಿ. ರ‍್ಯಾಮಿನಲ್ಲಿ ಮಾತ್ರ ಇಟ್ಟಿದ್ದರೆ ಕರೆಂಟು ಹೋಗಿ ಬಂದಾಗ ಅದು ಸೊನ್ನೆಯಾಗುತ್ತದೆ, ನಮ್ಮ ಹಳ್ಳಿಗಳಲ್ಲಿ ಕರೆಂಟು ಹೋಗಿ ಬರುವುದನ್ನು ನಾನು ವಿವರಿಸಬೇಕಿಲ್ಲ. ಆಗ ಹಳೆಯ ಸಂದೇಶಗಳೆಲ್ಲ ಮತ್ತೆ ಜೀವ ಪಡೆಯುತ್ತವೆ. ಕಳಿಸುವ ಕಡೆಯಲ್ಲೂ ಹೀಗಾದರೆ ಸಿಟಿಆರ್ ಕ್ರಮದಲ್ಲಿ ಒಂದೇ ಎಣಿಕೆಯಿಂದ ಎರಡು ಸಂದೇಶ ಹೊರಟು, ಎರಡನ್ನೂ ಹಿಡಿದವನು ಅವುಗಳ ಒಳಗನ್ನು ಹೋಲಿಸಿ ಬಿಡಿಸಬಲ್ಲ. ಹಾಗೆಂದು ಪ್ರತಿ ಸಂದೇಶಕ್ಕೂ ಎಣಿಕೆಯನ್ನು, ಕರೆಂಟು ಹೋದರೂ ಅಳಿಯದ ಇಇಪ್ರಾಮ್ ಮೆಮೊರಿಯ ಒಂದೇ ಜಾಗಕ್ಕೆ ಬರೆಯುವುದೂ ತರವಲ್ಲ, ಯುನೊ ಚಿಪ್ಪಿನ ಇಇಪ್ರಾಮಿಗೆ ಭರವಸೆ ಇರುವುದು ಒಂದು ಲಕ್ಷ ಬರಹಗಳಿಗೆ ಮಾತ್ರ. ಹತ್ತು ನಿಮಿಷಕ್ಕೊಂದು ಸಂದೇಶವಾದರೆ ಅದು ಎರಡು ವರ್ಷದೊಳಗೆ ಮುಗಿಯುತ್ತದೆ. ಎಣಿಕೆ 0 ಇರುವಾಗಲೇ 100 ಎಂದು ಬರೆದಿಟ್ಟು, 100 ತಲಪಿದಾಗ 200 ಎಂದು ಬರೆಯುವುದು ಹಳೆಯ ಉಪಾಯ. ಕರೆಂಟು ಹೋಗಿ ಬಂದರೆ, ಬರೆದಿಟ್ಟಲ್ಲಿಂದ ಮುಂದಕ್ಕೆ ಶುರು ಮಾಡಿದರಾಯಿತು. ಕೆಲವು ಎಣಿಕೆಗಳು ವ್ಯರ್ಥವಾಗುತ್ತವೆ, ಯಾವುದೂ ಎರಡನೆಯ ಸಲ ಬರುವುದಿಲ್ಲ. ಇದು ಕಳಿಸುವ ಕಡೆಗೆ ಹೇಳಿದ್ದು. ದಿನಕ್ಕೆ ನಾಲ್ಕು ಸಲ ಆದೇಶ ಪಡೆಯುವ ಸ್ಟಾರ್ಟರಿನಲ್ಲಿ ಪ್ರತಿ ಸಲವೂ ಬರೆದಿಟ್ಟರೆ ತೊಂದರೆಯಿಲ್ಲ.

ಪ್ರಶ್ನೆ: ಕ್ವಾಂಟಮ್ ಕಂಪ್ಯೂಟರು ಬಂದ ಮೇಲೆ ಇವೆಲ್ಲ ವ್ಯರ್ಥವಲ್ಲವೇ? (ಮಳವಳ್ಳಿ)

ಉತ್ತರ: ಎಇಎಸ್, ಆಸ್ಕಾನ್‌ಗಳಂಥ ಒಂದೇ ಕೀಲಿಯ ವಿಧಾನಗಳಿಗೆ ಅಂಥ ಭಯವಿಲ್ಲ, ಭಯವಿರುವುದು ಎಕ್ಸ್25519ನಂಥ ಸಾರ್ವಜನಿಕ ಕೀಲಿಯ ವಿಧಾನಗಳಿಗೆ. ಅವುಗಳ ಬದಲಿಗೆ 2024ರ ಆಗಸ್ಟ್‌ನಲ್ಲಿ ಎಂಎಲ್-ಕೆಇಎಂ ಎಂಬ ಮಾನಕ ಬಂದಿದೆ. ಎಂ4 ಚಿಪ್‌ಗಳಲ್ಲಿ ಅದು ಸಲೀಸಾಗಿ ಓಡುತ್ತದೆ. ತೊಡಕು ಇಲ್ಲೂ ಬೈಟುಗಳದೇ: ಅದರ ಅತಿ ಚಿಕ್ಕ ರೂಪದಲ್ಲಿ ಸಾರ್ವಜನಿಕ ಕೀಲಿ 800 ಬೈಟು, ಗೂಢಲಿಪಿ 768 ಬೈಟು. ಎಸ್‌ಎಫ್12ರಲ್ಲಿ ಒಂದು ಲೋರಾವಾನ್ ಸಂದೇಶಕ್ಕೆ ಹಿಡಿಸುವುದು 51 ಬೈಟು, ಹಾಗಾಗಿ ಕೀಲಿಯೊಂದನ್ನೇ ಕಳಿಸಲು 16 ಸಂದೇಶ ಬೇಕು. ಗದ್ದೆಯ ಸಾಧನಕ್ಕೆ ಮನೆಯಲ್ಲೇ ಕೀಲಿಯನ್ನು ತುಂಬಿ, ಪ್ರತಿಯೊಂದಕ್ಕೂ ಬೇರೆ ಬೇರೆ ಕೀಲಿ ಕೊಟ್ಟು, ಆಮೇಲೆ ಗದ್ದೆಗೆ ಒಯ್ಯುವುದೇ ಸರಳ.

ಪ್ರಶ್ನೆ: ನಿವೃತ್ತ ಐಟಿಐ ಬೋಧಕ ನಾನು. ಆಸಿಲೋಸ್ಕೋಪ್ ಇಲ್ಲ, ಒಂದು ಮಲ್ಟಿಮೀಟರ್ ಇದೆ. ವಿದ್ಯುತ್ ಖರ್ಚನ್ನು ಅದರಿಂದಲೇ ಅಳೆಯಬಹುದೇ? ಮೈಕ್ರೊಆಂಪಿಯರ್ ವ್ಯಾಪ್ತಿಯಲ್ಲಿ ಜೋಡಿಸಿದರೆ ರೇಡಿಯೊ ಕೆಲಸ ಶುರು ಮಾಡಿದೊಡನೆ ಬೋರ್ಡ್ ರೀಸೆಟ್ ಆಗುತ್ತದೆ. (ಶ್ರೀರಂಗಪಟ್ಟಣ)

ಉತ್ತರ: ಮೀಟರಿನ ಒಳಗಿರುವ ರೆಸಿಸ್ಟರೇ ರೀಸೆಟ್‌ಗೆ ಕಾರಣ. ಮೈಕ್ರೊಆಂಪಿಯರ್ ವ್ಯಾಪ್ತಿಯಲ್ಲಿ ಅದು 100 ಓಮ್ ಇದ್ದರೂ, 29 ಮಿಲಿಆಂಪಿಯರ್ ಹರಿದಾಗ 2.9 ವೋಲ್ಟು ಅಲ್ಲಿಯೇ ಇಳಿದುಹೋಗಿ ಬೋರ್ಡಿಗೆ ಏನೂ ಉಳಿಯುವುದಿಲ್ಲ. ಎರಡು ಸ್ಥಿತಿಗಳನ್ನು ಬೇರೆ ಬೇರೆಯಾಗಿ ಅಳೆಯಿರಿ. ನಿದ್ದೆಯ ಕರೆಂಟನ್ನು ಅಳೆಯುವಾಗ ಬೋರ್ಡ್ ಎಂದೂ ಏಳದಂತೆ ಪ್ರೋಗ್ರಾಮ್ ಬರೆಯಿರಿ. ಗೂಢಲಿಪೀಕರಣವನ್ನು ಅಳೆಯುವಾಗ ರೇಡಿಯೊವನ್ನು ಮುಟ್ಟದೆ, ಎಇಎಸ್ ಒಂದನ್ನೇ ನಿಲ್ಲಿಸದೆ ಓಡಿಸುತ್ತ, ಮಿಲಿಆಂಪಿಯರ್ ವ್ಯಾಪ್ತಿಯಲ್ಲಿ ಓದಿ. ಕರೆಂಟು ಸ್ಥಿರವಾಗಿರುವುದರಿಂದ ಸಾಮಾನ್ಯ ಮೀಟರೂ ಅದನ್ನು ಸರಿಯಾಗಿ ತೋರಿಸುತ್ತದೆ. ಒಂದು ನಿಮಿಷದಲ್ಲಿ ಎಷ್ಟು ಬ್ಲಾಕ್ ಮುಗಿದವು ಎಂದು ಪ್ರೋಗ್ರಾಮೇ ಎಣಿಸಲಿ. ವೋಲ್ಟು, ಆಂಪಿಯರ್, 60 ಸೆಕೆಂಡು ಮೂರನ್ನೂ ಗುಣಿಸಿ ಬ್ಲಾಕುಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಬ್ಲಾಕಿನ ಖರ್ಚು ಸಿಗುತ್ತದೆ.

ಅದಕ್ಕೆ ಮೊದಲು ಬೋರ್ಡಿನ ಮೇಲಿರುವ ಪವರ್ ಎಲ್‌ಇಡಿಯನ್ನು ಬೆಸುಗೆ ಕಡ್ಡಿಯಿಂದ ಬಿಚ್ಚಿಬಿಡಿ. ಸದಾ ಉರಿಯುವ ಆ ಪುಟ್ಟ ದೀಪ 2 ಮಿಲಿಆಂಪಿಯರ್ ಎಳೆದರೂ ಹತ್ತು ನಿಮಿಷಕ್ಕೆ 3.6 ಜೂಲ್ ಸುಡುತ್ತದೆ. ಮೇಲೆ ಲೆಕ್ಕ ಹಾಕಿದ ನಿದ್ದೆಯ ಖರ್ಚಿನ ನಾನೂರು ಪಟ್ಟು ಅದು, ಒಂದು ಸಂದೇಶದ ಗೂಢಲಿಪೀಕರಣದ ಖರ್ಚಿನ ಮೂರು ಲಕ್ಷ ಪಟ್ಟಿಗೂ ಹೆಚ್ಚು.